ಷಡ್ಡಕನ ವ್ಯಾನು, ನನ್ನ ಉಡದಾರ

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಎಂಬತ್ತೈದರಲ್ಲಿ, ಎಂಟನೆಯ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕೊಟ್ಟೂರಿನ ನಮ್ಮ ಶಾಲೆಯ ಕಂಪೌಂಡಿನ ಆಚೆ ಲಾರಿಗಳು ನಿಲ್ಲುತ್ತಿದ್ದವು. ಮೇಷ್ಟ್ರು ಬೋರ್ಡಿನ ಮೇಲೆ ಭೂಪಟ ಬರೆಯುವಾಗ ನನ್ನ ಮೂಗಿಗೆ ಡೀಸೆಲ್ ವಾಸನೆ ಬಡಿಯುತ್ತಿತ್ತು. ಭೂಪಟ ನೋಡುತ್ತಾ ಕೂಡುವುದಕ್ಕಿಂತ ಅದರ ಮೇಲೆ ಓಡಾಡುವುದು ಮೇಲು ಅನ್ನಿಸಿತು, ಎದ್ದು ಹೋದೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದೆ ನಾನು ಬರೆಯುವುದರಲ್ಲಿ ಹೊಟ್ಟೆಕಿಚ್ಚು ಬಹಳ ಬರುತ್ತದೆ. ಓದದವನು ಓದಿದವರನ್ನು ಕಂಡು ಉರಿಯುತ್ತಾನೆ ಅಂತ ನೀವು ತಿಳಿಯಬಾರದು ನೋಡ್ರಿ. ಓದಿದವರ ಸಾಮಾನು ಸರಂಜಾಮು ಸಾಗಿಸಿ ಉಂಡವನು ನಾನು, ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಾನು ಉರಿದದ್ದು ಒಂದು ಹಳದಿ ಪ್ಲಾಸ್ಟಿಕ್ ತುಂಡನ್ನು ಕಂಡು.

ಆ ತುಂಡು ಈಗ ನಮ್ಮ ಮನೆಯ ಟಿವಿ ಪಕ್ಕದಲ್ಲಿ ಕೂತಿದೆ. ಬಂದವರೆಲ್ಲ ಇದೇನು ಅಂತ ಕೈಗೆತ್ತಿಕೊಳ್ಳುತ್ತಾರೆ. ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ನಡುವೆ ಮೆಟ್ಟಿಲಿನ ಹಾಗೆ ಗೀರು. ಕೊಡಲಿಗೆ ಹೊಡೆಯುವ ಬೆಣೆಯನ್ನು ನೂರು ಪಟ್ಟು ದೊಡ್ಡದು ಮಾಡಿದರೆ ಹೇಗಿರುತ್ತದೋ ಹಾಗೆ. ಮೊನ್ನೆ ಪಕ್ಕದ ಮನೆಯ ಮುದುಕ ಬಂದು, “ಕಾಲು ನೋವಿಗೆ ಬಂದ ಹೊಸ ಸಾಮಾನೇನಪ?” ಅಂತ ಕೇಳಿ, ನಾನು ಬೇಡ ಬೇಡ ಅನ್ನುವುದರೊಳಗೆ ಅದರ ಮೇಲೆ ಹಿಮ್ಮಡಿ ಇಟ್ಟು, “ಹಾ, ಹಿತ ಆಗತೈತಿ” ಅಂದ. ಹಿತವಾಗಲಿ ಪಾಪ. ಅದು ವಿಲಾಯತಿಯಿಂದ ಬಂದದ್ದು. ನಿಲ್ಲಿಸಿದ ಗಾಡಿಯ ಗಾಲಿಯ ಕೆಳಗೆ ಇಡುವ ತುಂಡು. ನೆಲ ವಾರೆ ಇದ್ದರೆ ತಗ್ಗಿನ ಕಡೆಯ ಗಾಲಿಯನ್ನು ಅದರ ಮೇಲೆ ಹತ್ತಿಸಿದರಾಯಿತು, ಗಾಡಿ ಮಟ್ಟವಾಗುತ್ತದೆ, ಒಳಗೆ ಮಲಗಿದವರ ತಲೆ ಕೆಳಗಾಗುವುದಿಲ್ಲ.

ಅದನ್ನು ನನಗೆ ಕೊಟ್ಟವನು ನನ್ನ ಷಡ್ಡಕ, ಚನ್ನವೀರ.

ಷಡ್ಡಕರ ಸಂಬಂಧ ಎಂಥದು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಣ್ಣತಮ್ಮಂದಿರಾದರೆ ಆಸ್ತಿಗೆ ಹೊಡೆದಾಡಿ ದೂರವಾಗಬಹುದು, ಗೆಳೆಯರಾದರೆ ಮಾತು ಬಿಟ್ಟು ಸುಮ್ಮನಾಗಬಹುದು. ಷಡ್ಡಕರಿಗೆ ಆ ಸುಖವಿಲ್ಲ. ಇಬ್ಬರು ಅಕ್ಕತಂಗಿಯರು ದಿನಾ ಫೋನಿನಲ್ಲಿ ಇಬ್ಬರು ಗಂಡಂದಿರನ್ನು ತಕ್ಕಡಿಗೆ ಹಾಕಿ ತೂಗುತ್ತಲೇ ಇರುತ್ತಾರೆ. ನನ್ನ ಹೆಂಡತಿ ಗೌರಮ್ಮ ಚಿಗಟೇರಿ ಮನೆತನದ ಹಿರೇ ಮಗಳು. ಅವಳ ತಂಗಿ ಸುಮಂಗಲಳನ್ನು ಹಿರೇಹಡಗಲಿಯ ಚನ್ನವೀರನಿಗೆ ಕೊಟ್ಟರು. ಅವನು ದಾವಣಗೆರೆಯಲ್ಲಿ ನರ್ಸಿಂಗ್ ಓದಿದ. ಗಂಡಸು ನರ್ಸ್ ಆಗುವುದೇ ಅಂತ ಅವನ ಮದುವೆಯಲ್ಲಿ ನಾವೆಲ್ಲ ನಕ್ಕೆವು. ನಕ್ಕವರು ನಗುತ್ತಾ ಇಲ್ಲೇ ಉಳಿದೆವು, ಅವನು ಇಂಗ್ಲೆಂಡಿನ ಆಸ್ಪತ್ರೆಗೆ ಹೋಗಿ ಸೇರಿಕೊಂಡ. ಅದಕ್ಕೂ ನಾನು ಉರಿಯಲಿಲ್ಲ. ಆಮೇಲೆ ಅವನು ಬ್ರೆಡ್ಡು ಸಾಗಿಸುವ ಹಳೆಯ ವ್ಯಾನೊಂದನ್ನು ಕೊಂಡು, ರಜೆ ಇದ್ದಾಗಲೆಲ್ಲ ಕೂತು ಅದರೊಳಗೆ ಮಂಚ, ಒಲೆ, ಕಪಾಟು ಮಾಡಿಕೊಂಡ. ಅಲ್ಲಿಂದ ಶುರುವಾಯಿತು ನೋಡ್ರಿ.

ವಾರಕ್ಕೊಮ್ಮೆ ಫೋಟೋ ಬರುತ್ತಿತ್ತು. ಕೆರೆಯ ದಂಡೆಗೆ ವ್ಯಾನು. ಗುಡ್ಡದ ಮಗ್ಗುಲಿಗೆ ವ್ಯಾನು. ಬಂದರಿನ ಹತ್ತಿರ ವ್ಯಾನು, ನಾಳೆ ನಸುಕಿಗೆ ಹಡಗು ಹಿಡಿಯಲು ಇವತ್ತೇ ಬಂದು ಮಲಗಿದ್ದಾರಂತೆ. ಮಡಚುವ ಕುರ್ಚಿ, ಹಬೆಯಾಡುವ ಟೀ ಲೋಟ, ಸುಮಂಗಲಳ ನಗುವ ಹಲ್ಲು.

“ನೋಡ್ರಿಲ್ಲೆ,” ಅನ್ನುವಳು ಗೌರಮ್ಮ, “ಸುಮ ಇವತ್ತ ಸಮುದ್ರದ ದಂಡಿಗೆ ಮಲಗ್ಯಾಳಂತ.”

“ಯಾಕ, ಮನಿ ಇಲ್ಲೇನು ಅವರಿಗೆ?”

“ಮನಿ ಐತ್ರಿ. ಮನಿ ಇದ್ದೂ ಹೊರಗ ಮಲಗಾಕ ಪುಣ್ಯ ಬೇಕು.”

“ನಾನು ಮೂವತ್ತು ವರ್ಷ ಹೊರಗ ಮಲಗೀನಿ. ನನಗೆಷ್ಟು ಪುಣ್ಯ ಬಂದಿರಬೇಕು ಹಂಗಾರ!”

“ನೀವು ಒಂದು ಫೋಟೋನರ ಕಳಿಸಿದ್ರೇನು?”

ನಿಜವಾಗಿ ಹೇಳುತ್ತೇನೆ, ಗಾಡಿಯಲ್ಲಿ ಮಲಗುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ. ನಾನು ಸಣ್ಣವನಿದ್ದಾಗ ಅಪ್ಪ ಶೇಂಗಾ ಚೀಲ ಹೇರಿಕೊಂಡು ಹರಪನಹಳ್ಳಿ ಸಂತೆಗೆ ಬಂಡಿ ಹೂಡುತ್ತಿದ್ದ. ನಸುಕಿನ ವ್ಯಾಪಾರ ಹಿಡಿಯಬೇಕಾದರೆ ಹಿಂದಿನ ಸಂಜೆಯೇ ಹೋಗಿ ಸೇರಬೇಕು. ಎತ್ತಿನ ಕೊರಳಿನ ಗೆಜ್ಜೆಸರ ಬಿಚ್ಚಿ ಹುಲ್ಲಿನೊಳಗೆ ಹುದುಗಿಸಿಡುತ್ತಿದ್ದ, ಎತ್ತು ತಲೆ ಅಲ್ಲಾಡಿಸಿದರೆ ಪಕ್ಕದ ಬಂಡಿಯವರ ನಿದ್ದೆ ಕೆಡಬಾರದು ಅಂತ. ಬಂಡಿಯ ಕೆಳಗೆ ಚಾದರ ಹಾಸುವ ಮೊದಲು ಅವನು ಚೊಂಬಿನಿಂದ ನಾಲ್ಕು ಹನಿ ನೀರನ್ನು ನೆಲದ ಮೇಲೆ ಚೆಲ್ಲುತ್ತಿದ್ದ. ನೀರು ಯಾವ ಕಡೆ ಹರಿಯಿತೋ ಆ ಕಡೆ ಕಾಲು. “ತಲಿ ದಿನ್ನಿ ಕಡೆ ಇರಬೇಕಲೇ, ಇಲ್ಲಂದ್ರ ಬೆಳತನ ಕನಸಿನ್ಯಾಗ ಬಾವಿಗೆ ಬೀಳತಿ,” ಅನ್ನುತ್ತಿದ್ದ. ಬಂಡಿಯ ಅಚ್ಚಿನ ಕೀಲೆಣ್ಣೆಯ ವಾಸನೆ, ಎತ್ತು ಮೆಲುಕು ಹಾಕುವ ಸಪ್ಪಳ, ಮೂಗಿನ ಮೇಲೆ ಬಂದು ಬೀಳುವ ಹುಲ್ಲಿನ ಎಸಳು. ಅದಕ್ಕಿಂತ ದೊಡ್ಡ ಹೋಟೆಲಿನಲ್ಲಿ ನಾನು ಈವರೆಗೆ ಮಲಗಿಲ್ಲ.

ಆಮೇಲೆ ಲಾರಿ. ಕ್ಲೀನರ್ ಆದೆ, ಡ್ರೈವರ್ ಆದೆ, ನಂತರ ನನ್ನದೇ ಗಾಡಿ. ಕೂಡ್ಲಿಗಿಯ ಹುಣಸೆಹಣ್ಣು, ಹಗರಿಬೊಮ್ಮನಹಳ್ಳಿಯ ಮೆಕ್ಕೆಜೋಳ, ಯಾವ ಲೋಡು ಸಿಕ್ಕರೂ ಸರಿ. ಘಟ್ಟದ ಮೇಲೆ, ಬಂದರಿನ ಗೇಟಿನ ಮುಂದೆ, ಪೆಟ್ರೋಲ್ ಬಂಕಿನ ಹಿಂದೆ ಮಲಗಿದೆ. ಅಪ್ಪನ ನಾಲ್ಕು ಹನಿ ನೀರು ಮರೆತೇ ಹೋಗಿತ್ತು. ಸೀಟಿನ ಹಿಂದಿನ ಹಲಗೆಯ ಮೇಲೆ ಹೇಗೆ ಬಿದ್ದೆನೋ ಹಾಗೆ ನಿದ್ದೆ. ಒಂದನ್ನು ಮಾತ್ರ ಎಂದೂ ಮರೆಯಲಿಲ್ಲ. ಮಲಗುವ ಮೊದಲು ಗಾಡಿಯ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಳ್ಳುವುದು. ನಮ್ಮ ಕಡೆಯ ಹಳೆಯ ಡ್ರೈವರ್‌ಗಳೆಲ್ಲ ಹೀಗೇ. ಜೇಬಿನಲ್ಲಿಟ್ಟರೆ ಜಾರುತ್ತದೆ, ತಲೆದಿಂಬಿನ ಕೆಳಗಿಟ್ಟರೆ ಯಾರಾದರೂ ಎಳೆಯುತ್ತಾರೆ. ಉಡದಾರಕ್ಕೆ ಕೈ ಹಾಕಿದರೆ ಸತ್ತವನೂ ಎದ್ದು ಕೂಡುತ್ತಾನೆ.

ಮದುವೆಯಾದ ವರ್ಷ ಮಂಗಳೂರಿನ ಲೋಡು ಸಿಕ್ಕಿತ್ತು. ಹೊರಡುವಾಗ ಗೌರಮ್ಮ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದಳು. “ನನ್ನೂ ಕರಕೊಂಡು ಹೋಗ್ರಿ. ನಿಮ್ಮ ಗಾಡ್ಯಾಗ ಮಲಗತೀನಿ. ಮುಂಜಾನೆ ಎದ್ದು ಸಮುದ್ರ ನೋಡತೀನಿ.”

“ಹೆಂಗಸರು ಲಾರ್ಯಾಗ ಕುಂತ್ರ ಚಂದ ಕಾಣಂಗಿಲ್ಲ,” ಅಂದೆ.

ಅವಳು ಎರಡನೇ ಸಲ ಕೇಳಲಿಲ್ಲ. ಯಾವುದನ್ನೂ ಎರಡನೇ ಸಲ ಕೇಳುವ ಹೆಂಗಸಲ್ಲ ಅವಳು. ಅದು ಚಿಗಟೇರಿ ಮನೆತನದ ಸೊಕ್ಕು. ನನ್ನದು ಲಾರಿಯ ಸೊಕ್ಕು. ಎರಡೂ ಸೊಕ್ಕು ಒಂದೇ ಸೂರಿನ ಕೆಳಗೆ ಸುಖವಾಗಿದ್ದವು, ಆ ವ್ಯಾನಿನ ಫೋಟೋಗಳು ಬರುವ ತನಕ.

ಹೋದ ವರ್ಷ ಸುಮಂಗಲ ಫೋನು ಮಾಡಿದಳು. “ಅಕ್ಕಾ, ಈ ಬೇಸಿಗಿಗೆ ಬರ್ರಿ. ವ್ಯಾನಿನ್ಯಾಗ ಹಾಕ್ಕೊಂಡು ಸಮುದ್ರ ದಾಟಿ ಫ್ರಾನ್ಸಿಗೆ ಹೋಗೋಣು.” ಟಿಕೆಟ್ಟು ತಾನೇ ತೆಗೆಸುತ್ತೇನೆ ಅಂದ ಚನ್ನವೀರ. ನಾನು ಒಪ್ಪಲಿಲ್ಲ, ಎರಡೂ ಟಿಕೆಟ್ಟು, ಎರಡೂ ವೀಸಾ ನನ್ನ ದುಡಿಮೆಯಲ್ಲೇ ಆದವು. ಇದನ್ನು ಬರೆದಿಡಬೇಕೆಂದೇ ಬರೆದಿದ್ದೇನೆ.

ಅಲ್ಲಿ ಹೋಗಿ ವ್ಯಾನು ಹತ್ತುವಾಗ ನಾನು ಸಹಜವಾಗಿ ಬಲಗಡೆಯ ಬಾಗಿಲಿಗೆ ಹೋದೆ. ಅಲ್ಲಿಯೂ ಸ್ಟೇರಿಂಗು ನಮ್ಮಂತೆಯೇ ಬಲಕ್ಕೆ. ಚನ್ನವೀರ ಓಡಿ ಬಂದ. “ಅಣ್ಣಾರ, ತಪ್ಪು ತಿಳಕೋಬ್ಯಾಡ್ರಿ. ಇನ್ಶೂರೆನ್ಸಿನ್ಯಾಗ ನಿಮ್ಮ ಹೆಸರಿಲ್ರಿ.” ನಾನು ಸುತ್ತಿಕೊಂಡು ಹೋಗಿ ಎಡಗಡೆ ಕೂತೆ. ಅಂದರೆ ಕ್ಲೀನರ್ ಸೀಟು. ಶಾಲೆ ಬಿಟ್ಟು ಎಲ್ಲಿ ಕೂತಿದ್ದೆನೋ, ಇಷ್ಟೆಲ್ಲ ದುಡಿದು ದೇಶ ದಾಟಿ ಬಂದು ಮತ್ತೆ ಅಲ್ಲೇ ಕೂತೆ. ಹಿಂದೆ ಅಕ್ಕತಂಗಿಯರು ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿ ನಗಲು ಶುರುಮಾಡಿದ್ದರು.

ಮೊದಲ ರಾತ್ರಿಯ ತಂಗು ಒಂದು ಹೆಂಡದಂಗಡಿಯ ಹಿತ್ತಲಲ್ಲಿ. ಗಾಬರಿಯಾಗಬೇಡಿ. ಅಲ್ಲಿ ಹೆಂಡದಂಗಡಿಯಲ್ಲಿ ಮುದುಕಿಯರೂ ಬಂದು ಸೂಪು ಕುಡಿಯುತ್ತಾರೆ. ಅಲ್ಲಿ ಊಟ ಮಾಡಿದರೆ ಹಿತ್ತಲಲ್ಲಿ ಗಾಡಿ ನಿಲ್ಲಿಸಿ ಮಲಗಲು ಬಿಡುತ್ತಾರೆ. ನಮ್ಮ ಡಾಬಾದ ಪದ್ಧತಿಯೇ, ಊಟ ಮಾಡಿದವನ ಲಾರಿಯನ್ನು ಡಾಬಾದವನು ಕಾಯುತ್ತಾನೆ. ಆದರೆ ನಮ್ಮ ಡಾಬಾದವನು ಮಲಗುವ ಮುಂಚೆ ಬಂದು, “ಲೇ, ಗಾಡಿ ಅತ್ತಾಗ ತೆಗೀ,” ಅನ್ನುತ್ತಾನೆ. ಇಲ್ಲಿಯವನು ಬಂದು ಹೆಂಗಸರಿಬ್ಬರಿಗೂ ತಲೆ ಬಾಗಿಸಿ, ಚೆನ್ನಾಗಿ ನಿದ್ದೆ ಮಾಡಿ ಅಂತ ಹೇಳಿ ಹೋದ. ನಮಗೆ ಸಿಕ್ಕ ಊಟ ಬೇಯಿಸಿದ ಬಟಾಣಿ ಮತ್ತು ಬೇಯಿಸಿದ ಆಲೂಗಡ್ಡೆ, ಉಪ್ಪು ಸಿಕ್ಕರೆ ನಮ್ಮ ಭಾಗ್ಯ. ಗೌರಮ್ಮ ಚೀಲದಿಂದ ಕಟಕು ರೊಟ್ಟಿ ತೆಗೆದಳು, ಬದುಕಿದೆವು.

ಚನ್ನವೀರ ಗಾಡಿ ನಿಲ್ಲಿಸುತ್ತಲೇ ನಾನು ಹಾರಿ ಇಳಿದು ಕಲ್ಲು ಹುಡುಕತೊಡಗಿದೆ. ಗಾಲಿಗೆ ಕಲ್ಲು ಕೊಡದೆ ಗಾಡಿ ನಿಲ್ಲಿಸಿದರೆ ನನಗೆ ಕೈಕಾಲು ಆಡುವುದಿಲ್ಲ. ಆ ಊರಿನಲ್ಲಿ ಒಂದು ಕಲ್ಲಾದರೂ ಬಿದ್ದಿರಬೇಕೋ ಬೇಡವೋ! ಎಲ್ಲ ಹುಲ್ಲು. ತಿರುಗಿ ಬಂದು ನೋಡಿದರೆ ಚನ್ನವೀರ ಕಪಾಟಿನಿಂದ ಎರಡು ಹಳದಿ ತುಂಡು ತೆಗೆದು ಎಡಗಾಲಿಗಳ ಮುಂದೆ ಇಡುತ್ತಿದ್ದ. ಆಮೇಲೆ ಗೌಂಡಿಗಳು ಇಟ್ಟುಕೊಳ್ಳುವಂಥ, ಒಳಗೆ ಗುಳ್ಳೆ ಓಡಾಡುವ ಮಟ್ಟಗೋಲನ್ನು ಒಲೆಯ ಕಟ್ಟೆಯ ಮೇಲಿಟ್ಟು, ಗಾಡಿಯನ್ನು ಮೆಲ್ಲಗೆ ತುಂಡುಗಳ ಮೇಲೆ ಹತ್ತಿಸಿದ. ಸುಮಂಗಲ ಒಳಗಿನಿಂದ, “ಇನ್ನೊಂದೀಟು ಮುಂದ… ಸಾಕು, ಸಾಕು!” ಅಂದಳು. ಗುಳ್ಳೆ ನಡುವೆ ಬಂದು ನಿಂತಿತು.

“ನೋಡ್ರಿ ಅಣ್ಣಾರ, ಈಗ ತಲಿ ಕೆಳಗಾಗಂಗಿಲ್ಲ.”

ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅದು ನಮ್ಮ ಅಪ್ಪನ ವಿದ್ಯೆ! ನಾಲ್ಕು ಹನಿ ನೀರಿನಲ್ಲಿ ಅಪ್ಪ ಮಾಡುತ್ತಿದ್ದುದನ್ನು ಇವನು ಗುಳ್ಳೆಯಲ್ಲಿ ಮಾಡಿ ನನ್ನ ಹೆಂಡತಿಯ ಮುಂದೆ ಶಹಬ್ಬಾಸ್ ಅನ್ನಿಸಿಕೊಂಡ. ನಾನೋ ಮೂವತ್ತು ವರ್ಷ ಕನಸಿನಲ್ಲಿ ಬಾವಿಗೆ ಬೀಳುತ್ತಲೇ ಬಂದಿದ್ದೆ. “ಎಂಥಾ ಉಪಾಯ ಚನ್ನವೀರ!” ಅಂದಳು ಗೌರಮ್ಮ. ನನ್ನ ಲಾರಿಯ ಯಾವ ಉಪಾಯಕ್ಕೂ ಅವಳ ಬಾಯಿಂದ ಆ ಮಾತು ಬಂದಿದ್ದಿಲ್ಲ. ಬರುವುದೆಲ್ಲಿಂದ, ಅವಳು ನೋಡಿದ್ದರೆ ತಾನೇ?

ಮಲಗುವ ವ್ಯವಸ್ಥೆ ಹೀಗೆ. ಕೆಳಗಿನ ಮಂಚದಲ್ಲಿ ಅಕ್ಕತಂಗಿಯರು. ವ್ಯಾನಿನ ಮಾಡನ್ನು ಛತ್ರಿಯ ಹಾಗೆ ಮೇಲಕ್ಕೆತ್ತಿದರೆ ಅಲ್ಲೊಂದು ಅಟ್ಟ, ಅದರಲ್ಲಿ ಷಡ್ಡಕರು. ಕೆಳಗೆ ಅವರು ಚಿಗಟೇರಿಯ ಸುದ್ದಿ ತೆಗೆದು ಕಿಸಿಕಿಸಿ ನಗುತ್ತಿದ್ದರು. ಕಿಟಕಿಗಳಿಗೆ ಹೂವಿನ ಪರದೆ. ನನ್ನ ಮೂಗಿನ ಮುಂದೆ ಚನ್ನವೀರನ ಬೆನ್ನು. ಗೌರಮ್ಮ ಗಾಡಿಯಲ್ಲಿ ಮಲಗಬೇಕು ಅಂತ ಬಾಯಿಬಿಟ್ಟು ಕೇಳಿದ್ದು ನನ್ನನ್ನು. ಕೊನೆಗೂ ಮಲಗಿದ್ದಾಳೆ, ಯಾರ ಗಾಡಿಯಲ್ಲಿ? ಈ ಪ್ರಶ್ನೆಯನ್ನು ಮಗ್ಗುಲಿಗಿಟ್ಟುಕೊಂಡು ನಿದ್ದೆ ಮಾಡಿ ನೋಡಿ, ನಿಮಗೆ ಗೊತ್ತಾಗುತ್ತದೆ. ಹಾಸಿಗೆ ಮಾತ್ರ ಮಟ್ಟವಾಗಿತ್ತು, ಸುಳ್ಳು ಹೇಳಬಾರದು.

ಮರುದಿನ ಸಂಜೆಗೆ ಡೋವರ್ ಎಂಬ ಬಂದರು ಸೇರಿದೆವು. ಅಲ್ಲಿ ಗುಡ್ಡವೇ ಬಿಳಿ, ಯಾರೋ ಊರಿನ ಸುಣ್ಣವನ್ನೆಲ್ಲ ತಂದು ಸುರಿದ ಹಾಗೆ. ಸಮುದ್ರದ ದಂಡೆಗೆ ಸಾಲಾಗಿ ಇಂಥವೇ ಗಾಡಿಗಳು. ಎಲ್ಲರೂ ನಸುಕಿನ ಹಡಗು ಹಿಡಿಯುವವರು. ಒಬ್ಬ ಪಾತ್ರೆ ತೊಳೆಯುತ್ತಿದ್ದ, ಒಬ್ಬಳು ನಾಯಿಗೆ ಊಟ ಹಾಕುತ್ತಿದ್ದಳು, ಇನ್ನೊಬ್ಬ ಮುದುಕ ಕುರ್ಚಿ ಹಾಕಿಕೊಂಡು ಸುಮ್ಮನೆ ಕಡಲು ನೋಡುತ್ತಿದ್ದ. ನನಗೆ ಹರಪನಹಳ್ಳಿ ಸಂತೆಯ ಬಂಡಿ ಸಾಲೇ ಕಂಡಿತು, ಎತ್ತು ಮಾತ್ರ ಇಲ್ಲ. ಇದೇ ಕೆಲಸ ನಾವು ಮಾಡಿದರೆ ದುಡಿಮೆ, ಇವರು ಮಾಡಿದರೆ ವಿಹಾರ. ಗೌರಮ್ಮ ಸಮುದ್ರವನ್ನು ಮೊದಲ ಸಲ ನೋಡಿದ್ದು ಅಲ್ಲಿ, ಆ ಸಂಜೆ. ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟು, “ಅಯ್ಯ, ತಣ್ಣಗೈತಿ!” ಅಂತ ತಂಗಿಯ ಕೈ ಹಿಡಿದು ಕೂಗಿದಳು. ನಾನು ದೂರ ನಿಂತು ಗಾಲಿ ಒದ್ದು ಗಾಳಿ ಪರೀಕ್ಷೆ ಮಾಡುತ್ತಿದ್ದೆ. ಗಾಳಿ ಸರಿಯಾಗೇ ಇತ್ತು. ಅವನ ಗಾಡಿಯಲ್ಲಿ ಒಂದು ಹುಳುಕಾದರೂ ಇರಬಾರದೇ!

ಮಲಗುವ ಮುಂಚೆ ಚನ್ನವೀರ ಕೀಲಿಕೈಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ. ಹಾಗೇ, ಕ್ಯಾಲೆಂಡರ್ ನೇತುಹಾಕಿದ ಹಾಗೆ. ಯಾರು ಕೈ ಹಾಕಿದರೂ ಸಿಗಬೇಕು! ಅವನು ಅಟ್ಟ ಹತ್ತಿದ ಮೇಲೆ ನನ್ನ ಕೈ ತಾನಾಗಿಯೇ ಹೋಗಿ ಅದನ್ನು ತೆಗೆದು ಉಡದಾರಕ್ಕೆ ಕಟ್ಟಿತು. ಕೈಗೆ ಅದು ರೂಢಿ, ತಲೆಯನ್ನು ಕೇಳಿ ಮಾಡುವುದಿಲ್ಲ.

ನಸುಕಿಗೆ ನನಗೆ ಎಚ್ಚರ. ಎಲ್ಲರೂ ಮಲಗಿದ್ದರು. ಇಳಿದು ಹೊರಗೆ ಬಂದೆ. ಫೋನು ಒಳಗೆ ಚಾರ್ಜಿಗೆ ಹಾಕಿದ್ದೆ. ಸ್ವಲ್ಪ ದೂರದಲ್ಲಿ ಲಾರಿಗಳು ನಿಂತಿದ್ದವು. ಲಾರಿ ಕಂಡ ಮೇಲೆ ನಾನು ಹೋಗದಿರುವುದು ಹೇಗೆ? ಅಬ್ಬಬ್ಬಾ, ಒಂದೊಂದೂ ಮನೆಯಂಥವು. ಕೆಂಪು ಬಣ್ಣದ ಒಂದರ ಮುಂದೆ ನಿಂತು ಗಾಲಿ ಎಣಿಸುತ್ತಿದ್ದೆ. ಮೇಲಿನ ಕಿಟಕಿ ಇಳಿಯಿತು. ನನ್ನ ವಯಸ್ಸಿನ ಡ್ರೈವರು, ಗಡ್ಡ ಬೆಳ್ಳಗಾಗಿತ್ತು. ಯಾವ ದೇಶದವನೋ ಏನೋ. ನಾನು ನನ್ನ ಎದೆ ಮುಟ್ಟಿಕೊಂಡು, ಎರಡೂ ಕೈಯಲ್ಲಿ ಸ್ಟೇರಿಂಗ್ ತಿರುಗಿಸಿ ತೋರಿಸಿದೆ. ಅವನ ಮುಖ ಅರಳಿತು. ಬಾಗಿಲು ತೆಗೆದು, ಹತ್ತು ಅಂತ ಕೈ ಮಾಡಿದ.

ಹತ್ತಿದೆ. ಒಳಗೆ ಹಾಸಿಗೆ, ಅದರ ಮೇಲೊಂದು ಹಾಸಿಗೆ. ಮೇಲಿನ ಹಾಸಿಗೆಯಲ್ಲಿ ಒಬ್ಬ ಹೆಂಗಸು ಕಾಲು ಇಳಿಬಿಟ್ಟುಕೊಂಡು ತಲೆ ಬಾಚಿಕೊಳ್ಳುತ್ತಿದ್ದಳು. ಡ್ರೈವರು ಅವಳನ್ನು ತೋರಿಸಿ ತನ್ನ ಬೆರಳಿನ ಉಂಗುರ ಮುಟ್ಟಿಕೊಂಡ. ಹೆಂಡತಿ. ಅವನ ಜೊತೆಗೇ ತಿರುಗುತ್ತಾಳೆ. ಅವಳು ಇಳಿದು, ಫ್ಲಾಸ್ಕಿನಿಂದ ನನಗೊಂದು ಲೋಟ ಕಾಫಿ ಬಗ್ಗಿಸಿ ಕೊಟ್ಟು, ಗಂಡನ ಅಂಗಿಯ ಕಾಲರ್ ಸರಿಮಾಡಿ ಮತ್ತೆ ಮೇಲೆ ಹೋಗಿ ಕೂತಳು. ಲಾರಿಯಲ್ಲಿ ಹೆಂಗಸು ಕೂತಿದ್ದಳು, ಮತ್ತು ನೋಡ್ರಿ, ಬಹಳ ಚಂದ ಕಾಣುತ್ತಿದ್ದಳು.

ಆ ಕಾಫಿ ಕಹಿ. ಕಹಿಯಾದರೂ ನಾನು ಬೇಗ ಕುಡಿದು ಮುಗಿಸಲಿಲ್ಲ. ಚನ್ನವೀರನ ಮೇಲಿನ ಹೊಟ್ಟೆಕಿಚ್ಚು ಹೊಗೆಯಾಡುವ ಕುಳ್ಳು ಇದ್ದ ಹಾಗೆ. ಈ ಡ್ರೈವರನ ಮೇಲಿನದು ಧಗ್ ಅಂತ ಹತ್ತಿಕೊಂಡಿತು. ಅವನು ನನ್ನಂಥವನೇ, ಅಂಗೈಯಲ್ಲಿ ನನ್ನಂಥದೇ ದಡ್ಡು. ಅವನಿಗೂ ಯಾರೋ ಒಂದು ದಿನ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿರಬೇಕು. ಅವನು ಹೂಂ ಅಂದ. ಇಷ್ಟೇ ವ್ಯತ್ಯಾಸ.

ತಿರುಗಿ ಬರುವಾಗ ಬೆಳಕು ಹರಿದಿತ್ತು. ದೂರದಿಂದಲೇ ಕಂಡಿತು. ವ್ಯಾನಿನ ಎಲ್ಲ ಬಾಗಿಲು ತೆರೆದಿವೆ. ಹಾಸಿಗೆ ರಸ್ತೆಯ ಮೇಲಿದೆ. ಚನ್ನವೀರನ ಕಾಲು ಗಾಡಿಯ ಕೆಳಗಿನಿಂದ ಹೊರಗೆ ಚಾಚಿದೆ. ಸುಮಂಗಲ ಅಕ್ಕಿಯ ಡಬ್ಬಿಯನ್ನು ಪೇಪರಿನ ಮೇಲೆ ಸುರುವಿ ಕೈಯಾಡಿಸುತ್ತಿದ್ದಾಳೆ. ಗೌರಮ್ಮ ಒಬ್ಬಳೇ ಏನನ್ನೂ ಹುಡುಕದೆ, ಸೊಂಟಕ್ಕೆ ಕೈಯಿಟ್ಟುಕೊಂಡು ನಾನು ಬರುವ ದಾರಿ ನೋಡುತ್ತಿದ್ದಾಳೆ.

“ಅಂಗಿ ಎತ್ರಿ,” ಅಂದಳು.

“ಏನು?”

“ಅಂಗಿ ಎತ್ರಿ ಅಂದೆ.”

ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು ನೋಡತೊಡಗಿದಳು. ನಾಯಿಯೂ ನೋಡಿತು. ನಾನು ಅಂಗಿ ಎತ್ತಿದೆ. ಗೌರಮ್ಮ ಉಡದಾರ ಎಳೆದು, ಗಂಟು ಬಿಚ್ಚಿ, ಕೀಲಿಕೈಯನ್ನು ಚನ್ನವೀರನ ಕೈಗೆ ಕೊಟ್ಟಳು. ಅಷ್ಟೊತ್ತಿಗೆ ಬಂದರಿನಿಂದ ನಮ್ಮ ಹಡಗು, ಬೆಳ್ಳಗೆ, ದೊಡ್ಡದು, ನಮ್ಮನ್ನು ಬಿಟ್ಟು ನಿಧಾನವಾಗಿ ಹೊರಟಿತ್ತು.

ಚನ್ನವೀರ ಬೈಯುತ್ತಾನೆ ಅಂತ ಕಾದೆ. ಬೈದಿದ್ದರೆ ನಾನೂ ಎರಡು ಮಾತಾಡಿ ಲೆಕ್ಕ ಸಮ ಮಾಡಿಕೊಳ್ಳುತ್ತಿದ್ದೆ. ಅವನು ಮೊಣಕಾಲಿನ ಮಣ್ಣು ಕೊಡವಿ, “ಇರಲಿ ಬಿಡ್ರಿ ಅಣ್ಣಾರ, ಮಧ್ಯಾಹ್ನ ಇನ್ನೊಂದು ಹಡಗು ಐತಿ. ಟೀ ಕುಡಿಯೋಣು ಬರ್ರಿ,” ಅಂದ. ಸಮಾಧಾನ ಕೂಡ ಅವನ ಹತ್ತಿರವೇ ಇತ್ತು. ಒಬ್ಬನ ಹತ್ತಿರ ಎಷ್ಟು ಸಾಮಾನು ಇರಬೇಕು ಹೇಳಿ!

ಸುಮಂಗಲ ಮಾತ್ರ ಬಿಡಲಿಲ್ಲ. “ಭಾವಾರ, ಮಂದಿ ಕಳ್ಳರಿಗೆ ಹೆದರಿ ಕೀಲಿಕೈ ಮುಚ್ಚಿಡತಾರ. ನಮ್ಮ ಮನ್ಯಾಗ ಕಾಯೋರಿಗೇ ಹೆದರಬೇಕಾತಲ್ರಿ!”

ಮಧ್ಯಾಹ್ನದ ತನಕ ಸಮುದ್ರದ ಕಟ್ಟೆಯ ಮೇಲೆ ನಾನು ಗೌರಮ್ಮ ಕೂತೆವು.

“ಎಲ್ಲಿ ಹೋಗಿದ್ರಿ?”

“ಲಾರಿ ನೋಡಾಕ.”

“ಇಲ್ಲಿಗೆ ಬಂದೂ ಲಾರಿ?”

ಆ ಡ್ರೈವರನ ಸುದ್ದಿ ಹೇಳಿದೆ. ಹಾಸಿಗೆಯ ಮೇಲೆ ಹಾಸಿಗೆ, ಕಾಫಿ, ತಲೆ ಬಾಚುತ್ತಿದ್ದ ಹೆಂಡತಿ. ಕಡಲಹಕ್ಕಿಯೊಂದು ಬಂದು ನಮ್ಮ ರೊಟ್ಟಿಯ ಚೂರು ಕಚ್ಚಿಕೊಂಡು ಹೋಯಿತು.

“ನೀವು ಲೋಡಿಗೆ ಹೋದಾಗೆಲ್ಲ ನಾನೂ ಮಂಚದ ಮ್ಯಾಲೆ ಮಲಗತಿದ್ದಿಲ್ಲ,” ಅಂದಳು ಆಮೇಲೆ. “ನೆಲದ ಮ್ಯಾಲೆ ಬರೇ ಚಾಪಿ. ನೀವು ಹಲಗಿ ಮ್ಯಾಲೆ ಬಿದ್ದಿರತೀರಿ, ನಾನ್ಯಾಕ ಗಾದಿ ಮ್ಯಾಲೆ ಮಲಗಬೇಕು ಅಂತ. ಆ ಹಲಗಿ ಹೆಂಗೈತಿ ಅಂತ ಒಂದು ದಿನ ನೋಡಬೇಕಂದ್ರ ನೀವು ಬಿಡಲಿಲ್ಲ. ನಾನು ಮೊದಲ ಸಲ ಗಾಡ್ಯಾಗ ಮಲಗಿದ್ದು ತಂಗಿ ಗಂಡನ ಗಾಡ್ಯಾಗ. ನೆನಪಿಟ್ಕೊಳ್ರಿ.”

ನೆನಪಿಟ್ಟುಕೊಳ್ಳಲು ಹೇಳಬೇಕಾಗಿರಲಿಲ್ಲ. ಆಮೇಲೆ ಮಧ್ಯಾಹ್ನದ ಹಡಗು ಹತ್ತಿದೆವು. ಹಡಗಿನ ಹೊಟ್ಟೆಯೊಳಗೆ ನೂರಾರು ಗಾಡಿಗಳ ಜೊತೆ ನಮ್ಮದೂ ನಿಂತಿತು. ಫ್ರಾನ್ಸ್ ನೋಡಿದೆವು. ಅದರ ಬಗ್ಗೆ ಓದಿದವರು ಬೇಕಾದಷ್ಟು ಬರೆದಿರುತ್ತಾರೆ, ನಾನು ಬರೆಯುವುದಿಲ್ಲ. ಅಲ್ಲಿ ಇದ್ದಷ್ಟು ದಿನ ಗೌರಮ್ಮ ಹೇಳಿದ ಆ ಚಾಪೆ ನನ್ನ ಕಣ್ಣ ಮುಂದಿತ್ತು. ಊರಿಗೆ ಹೊರಡುವ ದಿನ ಚನ್ನವೀರ ಎರಡು ಹಳದಿ ತುಂಡುಗಳಲ್ಲಿ ಒಂದನ್ನು ನನ್ನ ಚೀಲದಲ್ಲಿಟ್ಟ. “ಒಂದು ನಿಮಗಿರಲಿ ಅಣ್ಣಾರ, ನೀವು ಅದನ್ನೇ ನೋಡತಿದ್ರಿ.” ನಾನು ನೋಡುತ್ತಿದ್ದುದು ಅವನಿಗೆ ಕಂಡುಬಿಟ್ಟಿದೆ! ಇನ್ನು ಮೇಲೆ ಅವನ ಗಾಡಿಯೂ ಒಂದು ಕಡೆ ವಾರೆಯಾಗುತ್ತದಲ್ಲ ಅನ್ನುವುದೊಂದೇ ದಾರಿಯುದ್ದಕ್ಕೂ ನನ್ನ ಸಮಾಧಾನ. ಊರು ಮುಟ್ಟುವುದರೊಳಗೆ ಅವನು ಹೊಸ ಜೋಡಿ ತಂದಾಗಿತ್ತು, ಫೋಟೋ ಬಂತು.

ಮೆಕ್ಕೆಜೋಳದ ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಖಾಲಿ ಲಾರಿ ತೊಳೆದು ಮನೆಯ ಮುಂದೆ ನಿಲ್ಲಿಸಿದೆ.

“ಹತ್ತು,” ಅಂದೆ.

“ಎಲ್ಲಿಗೆ?”

“ನಸುಕಿನ ದೋಣಿ ಹಿಡಿಯಾಕ.”

ಗೌರಮ್ಮ ನನ್ನ ಮುಖ ನೋಡಿದಳು, ಲಾರಿ ನೋಡಿದಳು, ಒಳಗೆ ಹೋಗಿ ಒಂದು ಚಾದರ, ಒಂದು ಚೀಲ ಮಂಡಕ್ಕಿ ತಂದು, ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಓಣಿಯ ಮಂದಿ ಬಾಗಿಲಿಗೆ ಬಂದು ನೋಡಿದರು. ನೋಡಲಿ. ಎಡಗಡೆ ಸೀಟಿನಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು, ತಾಲೂಕು ಪಂಚಾಯ್ತಿ ಅಧ್ಯಕ್ಷೆಯ ಹಾಗೆ.

ಹಡಗಲಿ ದಾಟಿ ಹೊಳೆಯ ದಂಡೆಗೆ ಹೋದೆವು. ಸೇತುವೆ ಆದ ಮೇಲೆ ದೋಣಿ ಕೇಳುವವರು ಕಡಿಮೆ. ಆದರೂ ಆಚೆಯ ಹೊಲಗಳಿಗೆ ಹೋಗುವವರಿಗಾಗಿ ನಸುಕಿಗೊಂದು ದೋಣಿ ಹೊರಡುತ್ತದೆ. ದೋಣಿಯವನನ್ನು ಕಂಡು, ಬೆಳಗ್ಗೆ ನಾವಿಬ್ಬರು ಇದ್ದೇವೆ, ಬಿಟ್ಟು ಹೋಗಬೇಡ ಅಂತ ಎರಡೆರಡು ಸಲ ಹೇಳಿದೆ.

“ಆಚಿ ದಂಡಿ ಯಾವ ದೇಶಾರಿ?” ಅಂದಳು ಗೌರಮ್ಮ ಮಂಡಕ್ಕಿ ಮುಕ್ಕುತ್ತಾ.

“ಗದಗ ಜಿಲ್ಲಾ.”

“ವೀಸಾ?”

“ನಾನು ಅದೀನಲ್ಲ.”

ಗಾಲಿಗೆ ಎರಡು ಕಲ್ಲು ಕೊಟ್ಟೆ. ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರ! ಆಮೇಲೆ ಹಲಗೆಯ ಮೇಲೆ ನಾಲ್ಕು ಹನಿ ನೀರು ಚೆಲ್ಲಿದೆ. ನೀರು ತಲೆಯ ಕಡೆಗೇ ಓಡಿತು. ಮನೆಯಿಂದ ತಂದಿದ್ದ ಆ ಹಳದಿ ಪ್ಲಾಸ್ಟಿಕ್ ತುಂಡು ಲಾರಿಯ ಭಾರಕ್ಕೆ ಹಪ್ಪಳವಾಗುತ್ತದೆ, ಗಾಲಿಗೆ ಇಡುವಂತಿಲ್ಲ. ಹಲಗೆಯ ತಲೆಯ ಕಡೆಗೆ ಅದನ್ನು ಕೆಳಗಿನಿಂದ ಬೆಣೆಯ ಹಾಗೆ ತುರುಕಿದೆ. ಮತ್ತೆ ನಾಲ್ಕು ಹನಿ. ಈ ಸಲ ನೀರು ಎತ್ತಲೂ ಹೋಗದೆ ಇದ್ದಲ್ಲೇ ಗುಂಡಗೆ ಕೂತಿತು.

ಗೌರಮ್ಮ ಅದನ್ನು ಬಗ್ಗಿ ನೋಡಿದಳು. “ಎಂಥಾ ಉಪಾಯರಿ!” ಅಂದಳು. ಸೆರಗಿನಿಂದ ನೀರು ಒರೆಸಿ ಚಾದರ ಹಾಸಿದಳು. ಹಲಗೆಯ ಮೇಲೆ ಒಬ್ಬರಿಗೇ ಜಾಗ. ನಾನು ಮುಂದಿನ ಸೀಟಿನ ಮೇಲೆ ಕಾಲು ಮಡಚಿಕೊಂಡು ಬಿದ್ದೆ.

ನಸುಕಿಗೆ ದೋಣಿಯವನು ಬಂದ. ಆಗಲೇ ನಾಲ್ಕು ಜನ ಬುತ್ತಿ ಹಿಡಿದುಕೊಂಡು ದೋಣಿಯಲ್ಲಿ ಕೂತಿದ್ದರು.

“ಏನ್ರಿ ಯಜಮಾನ್ರ, ಬರ್ರಿ ಮತ್ತ!”

ನಾನು ತುಟಿಯ ಮೇಲೆ ಬೆರಳಿಟ್ಟೆ. “ನೀವು ಹೋಗ್ರಿ.”

“ಅರೆ, ನಿನ್ನಿ ಸಂಜಿ ಅಷ್ಟು ಗಂಟು ಬಿದ್ದಿದ್ರೆಲ್ಲ, ಬಿಟ್ಟು ಹೋಗಬ್ಯಾಡ ಅಂತ?”

“ಆಕಿ ಮಲಗ್ಯಾಳ.”

ಅವನು ಕ್ಯಾಬಿನ್ನಿನ ಕಡೆ ನೋಡಿದ, ನನ್ನ ಕಡೆ ನೋಡಿದ, ಗಣೆ ಊರಿ ದೋಣಿ ತಳ್ಳಿದ. ನಾನು ಮೆಟ್ಟಿಲ ಮೇಲೆ ಕೂತು ಅದು ಆಚೆ ದಂಡೆ ಮುಟ್ಟುವ ತನಕ ನೋಡಿದೆ. ಒಳಗೆ ಗೌರಮ್ಮ ಬಾಯಿ ಸ್ವಲ್ಪ ತೆರೆದುಕೊಂಡು, ಒಂದು ಕೈ ತಲೆಯ ಕೆಳಗಿಟ್ಟುಕೊಂಡು ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ನನ್ನ ಹಲಗೆಯ ಮೇಲೆ ಅಂಥ ನಿದ್ದೆ ನಾನೇ ಮಾಡಿದ್ದಿಲ್ಲ.

ಬಿಸಿಲು ಗಾಜಿನಿಂದ ಇಳಿದು ಮುಖಕ್ಕೆ ಬಿದ್ದಾಗ ಎದ್ದಳು.

“ದೋಣಿ?”

“ಹೋತು.”

“ಕೀಲಿಕೈ ಎಲ್ಲೈತಿ?”

ನಾನು ಅಂಗಿ ಎತ್ತಿ ತೋರಿಸಿದೆ. ನಕ್ಕಳು. ನಕ್ಕು, ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು, ಎದ್ದು ಕೂತು ಅಂದಳು. “ಸುಮನ ಗಾಡ್ಯಾಗ ಪರದಿ ಇದ್ದುವು ನೋಡ್ರಿ. ಬಿಸಿಲು ಬೀಳತಿದ್ದಿಲ್ಲ.”

ಆ ಹೊತ್ತಿಗೇ ಗಾಡಿ ತಿರುಗಿಸಿ ನೆಟ್ಟಗೆ ಕೊಟ್ಟೂರಿನ ಟೈಲರ್ ಅಂಗಡಿಯ ಮುಂದೆ ನಿಲ್ಲಿಸಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಲಾರಿ ಒಂದು. ಗಾಲಿಗೆ ಕೊಡುವ ಕಲ್ಲು ಎರಡು. ಹಳದಿ ತುಂಡು ಒಂದು. ಕೀಲಿಕೈ ಒಂದು, ಉಡದಾರ ಒಂದು. ಷಡ್ಡಕ ಒಬ್ಬ. ಗಾಡಿಯಲ್ಲಿ ಮಲಗುವ ಹೆಂಡತಿ ಒಬ್ಬಳು. ಹೂವಿನ ಪರದೆ ನಾಲ್ಕು. ಷಡ್ಡಕನ ವ್ಯಾನಿನಲ್ಲಿ ಇರುವುದು ಮೂರೇ, ನಾನು ಎಣಿಸಿ ಬಂದಿದ್ದೇನೆ.